ತೊಟ್ಟಿಯ ನೀರು

ದೀಕ್ಷಾಸ್ನಾನ ಕಮಲಾಪುರದ ಕೆಂಪುಬಾಳೆ ತೋಟದ ತೊಟ್ಟಿಯಲ್ಲಿ ಎಂದು ಪಾಸ್ಟರ್ ಹೇಳಿದಾಗ ಅವ್ವ ಚಹಾದ ಕಪ್ಪನ್ನು ಕೆಳಗಿಟ್ಟಳು. "ಆ ತೋಟದಾಗಾ? ಆ ತೊಟ್ಟಿಯೊಳಗ ನಾ ಇಳೀಬೇಕಾ?"

ಕೇಳಿದ್ದಕ್ಕೆ ಕಾರಣವಿತ್ತು. ಮದುವೆಗೆ ಮುಂಚೆ ಅವ್ವ ಅದೇ ತೋಟದಲ್ಲಿ ಕೂಲಿ ಮಾಡಿದವಳು. ನಮ್ಮ ಜಾತಿಯವರು ಆ ತೊಟ್ಟಿಯನ್ನು ಮುಟ್ಟುವಂತಿರಲಿಲ್ಲ. ಬಾಯಾರಿದರೆ ದೂರ ಕೂತು ಬೊಗಸೆ ಒಡ್ಡಬೇಕು, ಮೇಲಿನಿಂದ ಯಾರಾದರೂ ಸುರಿಯಬೇಕು. ಈಗ ಆ ತೋಟದ ಸಾಹುಕಾರರ ಮಗನೇ ಯೇಸುವನ್ನು ನಂಬಿ ವಿಶ್ವಾಸಿಯಾಗಿದ್ದ. ಕಲಬುರಗಿಯ ನಮ್ಮ ಸಭೆಗೆ ಕಾರಿನಲ್ಲಿ ಬಂದು, ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಹಾಡುತ್ತಿದ್ದ. ತೊಟ್ಟಿ ಕೊಡುತ್ತೇನೆ ಎಂದವನೂ ಅವನೇ. ಅವ್ವನಿಗೆ ಇದಕ್ಕಿಂತ ದೊಡ್ಡ ಪವಾಡ ಬೇಕಿರಲಿಲ್ಲ. ಸೂಪರ್ ಮಾರ್ಕೆಟ್ ಬಜಾರಿಗೆ ಹೋಗಿ ಬಿಳಿ ಸೀರೆ ತಂದಳು. ಅಂಗಡಿಯವನ ಜೊತೆ ಚೌಕಾಸಿ ಮಾಡಲಿಲ್ಲ, ಅದು ಎರಡನೆಯ ಪವಾಡ.

ದೀಕ್ಷಾಸ್ನಾನದ ದಿನ ಮೊದಲು ಸಾಹುಕಾರರ ಮಗ, ಅವನ ಮನೆಯವರು ಇಳಿದರು. ತೋಟ ಅವರದು, ಇರಲಿ ಎಂದುಕೊಂಡೆವು. ಆಮೇಲೆ ನಮ್ಮವರು, ಕೊನೆಗೆ ಅವ್ವ. ಪಾಸ್ಟರ್ ಅವಳನ್ನು ಹಿಡಿದು ಪೂರ್ತಿ ಮುಳುಗಿಸಿ ಎತ್ತಿದರು. "ಹಳೇದೆಲ್ಲ ನೀರಾಗ ಸತ್ತ ಹೋತು ಅವ್ವಾರ, ಇನ್ನ ಹೊಸ ಬಾಳ್ವಿ" ಎಂದರು. ಅವ್ವ ಸೀನುತ್ತಾ ನಗುತ್ತಿದ್ದಳು. ತೊಟ್ಟಿಯ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದಳು. ದೇವರ ಜೊತೆ ನನ್ನ ಜಗಳ ಹಳೆಯದು, ಅವತ್ತು ಅತ್ತು ರಾಜಿಯಾದೆ.

ಊಟ, ಹಾಡು ಮುಗಿಸಿ ಹೊರಟಾಗ ಒದ್ದೆ ಸೀರೆ ಅಲ್ಲೇ ಮರೆತದ್ದು ನೆನಪಾಗಿ ಇಬ್ಬರೂ ತೊಟ್ಟಿಯ ಕಡೆ ನಡೆದೆವು. ತೂಬು ತೆಗೆದಿತ್ತು. ನೀರೆಲ್ಲ ಬಾಳೆಯ ಬುಡಕ್ಕೆ ಹರಿದುಹೋಗಿತ್ತು. ಒಬ್ಬ ಆಳು ಒಳಗಿಳಿದು, ಬ್ಲೀಚಿಂಗ್ ಪೌಡರ್ ಉದುರಿಸಿ ಉಜ್ಜುತ್ತಿದ್ದ. ದಂಡೆಯ ಮೇಲೆ ನಿಂತು ಎಲ್ಲೆಲ್ಲಿ ಉಜ್ಜಬೇಕೆಂದು ತೋರಿಸುತ್ತಿದ್ದವನು ಸಾಹುಕಾರರ ಮಗ.

"ಪಾಚಿ ಕಟ್ಟಿತ್ತರಿ, ತೊಳಸಾಕತ್ತೀನಿ" ಎಂದ. ಬೆಳಿಗ್ಗೆ ಆ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಮುಳುಗಿಸಿದರೂ ಹೋಗದು ಎಂದು ನನಗೆ ಗೊತ್ತಾದದ್ದು ಅಲ್ಲಿಯೇ.

ಅವ್ವ ಖಾಲಿ ತೊಟ್ಟಿಯನ್ನು ನೋಡುತ್ತಾ ನಿಂತಳು. "ನನ್ನ ಪಾಪ ಅಷ್ಟ ಇತ್ತೇನ ಯವ್ವಾ, ತೊಟ್ಟಿ ನೀರ ಎಲ್ಲಾ ಚೆಲ್ಲೂವಷ್ಟು?"

ಪಾಸ್ಟರಿಗೆ ಹೇಳಿದೆ. "ಕ್ಷಮಿಸಿಬಿಡ್ರಿ, ಅವ್ರು ಹೊಸಬ್ರು, ಸಾವಕಾಶ ಬೆಳೀತಾರ" ಎಂದರು. ಅವ್ವನೂ ಹೊಸಬಳೇ. ಆದರೆ ಕ್ಷಮಿಸುವ ಪಾಳಿ ಮಾತ್ರ ಯಾವಾಗಲೂ ನಮ್ಮದು.

ಮುಂದಿನ ಭಾನುವಾರ ಅವ್ವನಿಗೆ ಮೊದಲ ಪ್ರಭುಭೋಜನ. ನಮ್ಮ ಸಭೆಯಲ್ಲಿ ದ್ರಾಕ್ಷಾರಸಕ್ಕೆ ಎಲ್ಲರಿಗೂ ಒಂದೇ ಪಾತ್ರೆ, ಅದನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ಕುಡಿಯುತ್ತಾರೆ. ಹೋಗುವುದು ಬೇಡ ಎಂದು ನಾನು ಹಟ ಹಿಡಿದೆ. ಅವ್ವ ಕೇಳಲಿಲ್ಲ. ಯಾವತ್ತೂ ಹಿಂದೆ ನಿಲ್ಲುವವಳು ಅದೇ ಬಿಳಿ ಸೀರೆಯುಟ್ಟು, ಸಾಲಿನಲ್ಲಿ ಸಾಹುಕಾರರ ಮಗನ ಮುಂದೆ ಹೋಗಿ ನಿಂತಳು. ಒಂದು ಗುಟುಕು ಕುಡಿದಳು. ತಿರುಗಿ ಪಾತ್ರೆಯನ್ನು ಅವನಿಗೆ ಚಾಚಿದಳು.

"ತಗೋ ತಮ್ಮಾ" ಎಂದಳು. ಅದುವರೆಗೆ ಅವನನ್ನು ಅವಳು ಸಾವಕಾರ್ರ ಎಂದೇ ಕರೆಯುತ್ತಿದ್ದದ್ದು.

ಅವನು ಪಾತ್ರೆಯನ್ನು ತುಟಿಗಿಟ್ಟ, ಕಣ್ಣು ಮುಚ್ಚಿದ. ಅವ್ವ ಅವನ ಗಂಟಲನ್ನೇ ನೋಡುತ್ತಿದ್ದಳು. ಅದು ಅಲುಗಲಿಲ್ಲ.