ಹಿಮ್ಮಡಿ ನಡಿಗೆ

ಚಿಕ್ಕಲಕ್ಷ್ಮಮ್ಮನ ಕೈ ಬಲು ಚುರುಕು. ಪಟ್ಟನಾಯಕನಹಳ್ಳಿಯ ಸುತ್ತಮುತ್ತ ಕಡಲೆಕಾಯಿ ಬಿಡಿಸುವ ಕೆಲಸವಿದ್ದರೆ ಅವಳ ಪಕ್ಕದಲ್ಲಿ ಕೂರಲು ಉಳಿದ ಹೆಂಗಸರು ಹಿಂಜರಿಯುತ್ತಿದ್ದರು. ಅವಳ ರಾಶಿಯ ಮುಂದೆ ಇವರ ರಾಶಿ ಏಳುತ್ತಲೇ ಇರಲಿಲ್ಲ. ಹಾಗಾಗಿ ಸಿರಾ ಪಕ್ಕದ ಬ್ಯಾಗಿನ ಷೆಡ್ಡಿಗೆ ಆಳು ಹುಡುಕಿಕೊಂಡು ಅನಿಲ್ ಕುಮಾರ್ ಊರಿಗೆ ಬಂದಾಗ ಜನ ಮೊದಲು ತೋರಿಸಿದ್ದು ಅವಳ ಮನೆಯನ್ನೇ.

ನೆರಳಲ್ಲಿ ಕೂತು ಮಾಡುವ ಕೆಲಸ, ತಲೆ ಮೇಲೆ ಫ್ಯಾನು. ಅವಳಿಗೆ ಹಿಡಿಸಿತು. ಪಕ್ಕದ ಮನೆಯ ಶೃತಿ ಮದುವೆಯಾಗಿ ಬಂದ ಹೊಸದು, ಮನೆಯಲ್ಲಿ ಸುಮ್ಮನೆ ಕೂತಿದ್ದಳು. ಅವಳನ್ನೂ ಜೊತೆಗೆ ಕರೆದುಕೊಂಡು ಹೋದಳು.

ಷೆಡ್ಡು ಇದ್ದದ್ದು ಮುಚ್ಚಿಹೋದ ಎಣ್ಣೆ ಮಿಲ್ಲಿನ ಹಿಂದೆ. ಹೊರಗೆ ಬೋರ್ಡಿಲ್ಲ. ಯಾರೂ ಇಣುಕದಂತೆ ಕಿಟಕಿಗಳಿಗೆ ತಗಡು ಹೊಡೆದಿದ್ದರು. ರೆಕ್ಸಿನ್ ತುಂಡುಗಳಿಗೆ ಬ್ರಷ್ಷಿನಿಂದ ಗಮ್ಮು ಸವರಿ, ಮಡಚಿ, ಅಂಟಿಸಿ, ಕೊನೆಗೆ ಮೇಲೊಂದು ಹೊಳೆಯುವ ಬಿಲ್ಲೆ ಕೂರಿಸಬೇಕು. ಬಿಲ್ಲೆಯ ಮೇಲೆ ಯಾವುದೋ ವಿದೇಶಿ ಕಂಪನಿಯ ಹೆಸರು. ಇದು ಡೂಪ್ಲಿಕೇಟು ಎಂದು ತಿಳಿಯಲು ಅವಳಿಗೆ ಹೆಚ್ಚು ದಿನ ಬೇಕಾಗಲಿಲ್ಲ.

"ಇಲ್ಲಿ ಏನ್ ಮಾಡ್ತೀವಿ ಅಂತ ಮನೇಲೂ ಬಾಯ್ಬಿಡಂಗಿಲ್ಲ," ಎಂದಿದ್ದ ಅನಿಲ್ ಕುಮಾರ್.

"ನಮ್ಗ್ಯಾಕಣ್ಣ ಅದೆಲ್ಲ," ಎಂದು ಅವಳು ನಕ್ಕಿದ್ದಳು. ದುಡ್ಡಿದ್ದವರ ಹೆಸರನ್ನು ಇಲ್ಲದವರು ಹೆಗಲಿಗೆ ಹಾಕಿಕೊಂಡರೆ ಯಾರ ಗಂಟೇನು ಹೋಯಿತು ಎಂಬುದು ಅವಳ ಲೆಕ್ಕ.

ಗಮ್ಮಿನ ವಾಸನೆಗೆ ಮೊದಮೊದಲು ತಲೆ ಹಗುರವಾಗುತ್ತಿತ್ತು. ಆಮೇಲೆ ಊಟ ಸೇರದಾಯಿತು. ಬೆರಳ ತುದಿಗಳು ಜೋಮು ಹಿಡಿದಂತಾದವು. ಒಂದು ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಮಗಳು ಶರಣ್ಯಾ, "ಅಮ್ಮ, ಇನ್ನೊಂದು ಚಪ್ಪಲಿ ಎಲ್ಲಿ?" ಎಂದಳು. ಚಿಕ್ಕಲಕ್ಷ್ಮಮ್ಮ ಕಾಲು ನೋಡಿಕೊಂಡಳು. ಒಂದು ಕಾಲು ಬರಿಗಾಲು. ಎಲ್ಲಿ ಕಳಚಿತೋ, ಆ ಜಲ್ಲಿ ರಸ್ತೆಯಲ್ಲಿ ಎಷ್ಟು ದೂರ ಹಾಗೇ ನಡೆದಳೋ, ಅವಳಿಗೆ ಗೊತ್ತೇ ಆಗಿರಲಿಲ್ಲ.

ಮಧುಗಿರಿಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಶರಣ್ಯಾ ರಜೆ ಹಾಕಿ ತಾಯಿಯನ್ನು ತುಮಕೂರಿಗೆ ಕರೆದುಕೊಂಡು ಹೋದಳು. ಡಾಕ್ಟರು, "ಕಾಲ್ಬೆರಳು ಮೇಲೆತ್ತಿ, ಬರೀ ಹಿಮ್ಮಡಿ ಮೇಲೆ ನಡೀರಿ ನೋಡೋಣ," ಎಂದರು. ಬೆರಳು ಏಳಲೇ ಇಲ್ಲ. ಏನು ಕೆಲಸ ಎಂದು ಕೇಳಿದಾಗ, ಮುಚ್ಚಿದ ಕೋಣೆಯಲ್ಲಿ ಗಮ್ಮು ಸವರುವ ಕೆಲಸ ಎಂದಷ್ಟೇ ಅವಳು ಬಾಯಿಬಿಟ್ಟಳು. ಡಾಕ್ಟರು ನಿಧಾನವಾಗಿ ಹೇಳಿದರು: ಗಾಳಿಯಾಡದ ಕಡೆ ಕೂತು ಆ ಗಮ್ಮಿನ ಆವಿ ಕುಡಿದು ನರ ಕೆಟ್ಟಿವೆ. ಕೆಲಸ ಬಿಟ್ಟರೆ ಶಕ್ತಿ ಬರಬಹುದು, ಆದರೆ ಬಹಳ ಕಾಲ ಹಿಡಿಯುತ್ತದೆ.

ವಾಪಸು ಬಂದು ಷೆಡ್ಡಿಗೆ ಹೋದರೆ ಬೀಗ. ಯಾರೋ ಪೊಲೀಸರಿಗೆ ಸುಳಿವು ಕೊಟ್ಟರಂತೆ, ರಾತ್ರೋರಾತ್ರಿ ಮಾಲು ಸಮೇತ ಖಾಲಿ. ಪರಿಹಾರ ಸಿಗಬಹುದೆಂದು ಅವಳು ಒಬ್ಬಳೇ ಕಾರ್ಮಿಕರ ಕಚೇರಿಗೆ ಹೋದಾಗ, "ಯಾವ ಕಂಪನೀಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಅವಳಿಗೆ ಗೊತ್ತಿದ್ದದ್ದು ಬಿಲ್ಲೆಯ ಮೇಲಿನ ಹೆಸರೊಂದೇ. ಅದನ್ನೇ ಹೇಳಿದಳು.

ಅಲ್ಲಿದ್ದವರೆಲ್ಲ ನಕ್ಕರು. "ಅದು ಫಾರಿನ್ ಕಂಪನಿ ಕಣಮ್ಮ. ಸಿರಾದಲ್ಲಿ ಎಲ್ಲೈತೆ?"

ಅಸಲಿ ಕಂಪನಿಗೆ ಇವಳು ಯಾರೋ. ನಕಲಿ ಕಂಪನಿಗೆ ಹೆಸರೇ ಇಲ್ಲ. ಅವಳು ಎದ್ದು ಬಂದಳು.

ಯುಗಾದಿಗೆ ಮೊದಲು ಶರಣ್ಯಾ ಒಂದು ಬ್ಯಾಗು ತಂದಳು. ಆಸ್ಪತ್ರೆ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ತಿರುಗುವ ತಾಯಿಗೆಂದು ಮಧುಗಿರಿಯ ಫ್ಯಾನ್ಸಿ ಸ್ಟೋರಿನಲ್ಲಿ ಆಸೆಪಟ್ಟು ಕೊಂಡದ್ದು. ಚಿಕ್ಕಲಕ್ಷ್ಮಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು ಮುಟ್ಟಿ ನೋಡಿದಳು. ಬೆರಳಿಗೆ ಏನೂ ತಿಳಿಯಲಿಲ್ಲ. ಬಾಯಿ ತೆಗೆದು ಮೂಸಿದಳು. ಅದೇ ವಾಸನೆ, ಅದೇ ಬಿಲ್ಲೆ.

"ಯಾಕಮ್ಮ, ಚೆನ್ನಾಗಿಲ್ವಾ?"

ಮನೆಯಲ್ಲೂ ಬಾಯಿಬಿಡದಿದ್ದ ಮಾತನ್ನು ಅವಳು ಆಗ ಹೇಳಿದಳು. ಬಿಲ್ಲೆ, ತಗಡು ಹೊಡೆದ ಕಿಟಕಿ, ಎಲ್ಲವನ್ನೂ. ಶರಣ್ಯಾ ಬ್ಯಾಗು ಕಿತ್ತುಕೊಂಡು, "ತಿಪ್ಪೆಗೆಸೀತೀನಿ," ಎಂದು ಎದ್ದಳು.

"ಎಸೀಬ್ಯಾಡ ಬುಡು. ಯಾರೋ ಕೈ ಸವೆಸವ್ರೆ," ಎಂದಳು ತಾಯಿ. ಬ್ಯಾಗನ್ನು ವಾಪಸು ತೆಗೆದುಕೊಂಡು ಮತ್ತೊಮ್ಮೆ ಮೂಸಿ, "ಗಮ್ಮಿನ ವಾಸ್ನೆ ಹೊಸದಾಗೇ ಐತೆ ಕಣೆ. ಹಂಗಾರೆ ಷೆಡ್ಡು ನಿಂತಿಲ್ಲ, ಇನ್ನೆಲ್ಲೋ ನಡೀತೈತೆ," ಎಂದಳು. ಬೆಳಗಿನ ಬಸ್ಸು ಹತ್ತಿ ಹೋಗಿ ಸಂಜೆ ಮಂಕಾಗಿ ಮನೆ ಸೇರುವ ಶೃತಿಯ ನೆನಪು ಬಂತು. ಕೇಳಿದರೆ "ಮಿಲ್ಲಿನ ಕೆಲಸ" ಎನ್ನುತ್ತಿದ್ದಳು.

ಮರುದಿನ ತಾಯಿ ಮಗಳು ಶೃತಿಯ ಕಣ್ಣಿಗೆ ಬೀಳದಂತೆ ಅವಳ ಹಿಂದೆಯೇ ಬಸ್ಸು ಹತ್ತಿದರು. ಕೊರಟಗೆರೆ ರಸ್ತೆಯ ಒಂದು ಹಳೇ ಕೋಳಿ ಫಾರಂ. ಸುತ್ತ ಗೋಣಿತಾಟು ಬಿಗಿದಿತ್ತು. ಬಾಗಿಲಲ್ಲಿ ಚಿಕ್ಕಲಕ್ಷ್ಮಮ್ಮನನ್ನು ಕಂಡು ಶೃತಿ ಬೆಚ್ಚಿದಳು.

"ಅಕ್ಕ, ಬೈಬ್ಯಾಡ. ಕೂಲಿ ಬುಟ್ಟು ಮನೇಲಿ ಕೂತ್ರೆ ಅತ್ತೆ ಸುಮ್ನಿರ್ತಾರಾ?"

"ನಾ ಬಯ್ಯಕ್ಕೆ ಬಂದಿಲ್ಲ ಕಣಮ್ಮ. ನಿನ್ನ ಕರ್ಕಂಡೋದೋಳೇ ನಾನು. ಒಂದ್ಕಿತ ಹಿಮ್ಮಡಿ ಮ್ಯಾಲೆ ನಡ್ದು ತೋರ್ಸು, ಸಾಕು."

ಶೃತಿ ನಗುತ್ತಾ ಅಂಗಳಕ್ಕಿಳಿದಳು. ಎಡಗಾಲು ಎದ್ದಿತು. ಬಲಗಾಲಿನ ಬೆರಳು ನೆಲ ಬಿಡಲಿಲ್ಲ. ಮತ್ತೆ ಪ್ರಯತ್ನಿಸಿದಳು. ನಗು ನಿಂತುಹೋಯಿತು. ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಸೀರೆ ಎತ್ತಿ ಕಟ್ಟಿ, ಒಬ್ಬರ ಭುಜ ಒಬ್ಬರು ಹಿಡಿದು, ಮಕ್ಕಳ ಆಟದಂತೆ ಹಿಮ್ಮಡಿಯ ಮೇಲೆ ನಡೆದು ನೋಡಿಕೊಂಡರು. ಕೆಲವರು ನಡೆದರು. ಕೆಲವರು ಅಲ್ಲೇ ಕುಸಿದು ಕೂತರು.

"ಏನ್ರೇ ಇದು ಸರ್ಕಸ್ಸು?" ಎಂದು ಅನಿಲ್ ಕುಮಾರ್ ಹೊರಗೆ ಬಂದ. ಚಿಕ್ಕಲಕ್ಷ್ಮಮ್ಮನನ್ನು ಕಂಡವನೇ ದನಿ ಇಳಿಸಿದ.

"ನೀನೂ ಒಂದ್ಕಿತ ನಡ್ದು ನೋಡಣ್ಣ," ಎಂದಳು ಅವಳು. "ನೀನೂ ಇದೇ ಗಾಳಿ ಕುಡಿಯೋನು."

ಅವನು ನಡೆಯಲಿಲ್ಲ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ ಎಂಬುದು ಮಾತ್ರ ಅವನಿಗೆ ತಿಳಿದಿರಬೇಕು, ಏಕೆಂದರೆ ಯಾರನ್ನೂ ತಡೆಯಲಿಲ್ಲ. ಶರಣ್ಯಾ ಆ ಹೆಂಗಸರನ್ನೆಲ್ಲ ಅದೇ ಡಾಕ್ಟರ ಬಳಿಗೆ ಕರೆದೊಯ್ದಳು. ಅಷ್ಟೂ ಜನ ಡಾಕ್ಟರ ಚೀಟಿ ಹಿಡಿದು ಹೋದ ಮೇಲೆ ಕಾರ್ಮಿಕರ ಕಚೇರಿಯಲ್ಲಿ ಯಾರೂ ನಗಲಿಲ್ಲ. ಅಧಿಕಾರಿ ಬಂದು ಕೋಳಿ ಫಾರಂನ ಷೆಡ್ಡಿಗೆ ಬೀಗ ಜಡಿದರು. ಪರಿಹಾರದ ಮಾತು ಇನ್ನೂ ನಡೆದೇ ಇದೆ. ಅನಿಲ್ ಕುಮಾರ್ ಪಾವಗಡದ ಕಡೆ ಎಲ್ಲೋ ಇದ್ದಾನೆ ಎನ್ನುತ್ತಾರೆ.

ಈಗ ಚಿಕ್ಕಲಕ್ಷ್ಮಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾಳೆ. ಮೊದಲಿನ ಚುರುಕಿಲ್ಲ. ಶೃತಿಯ ಅತ್ತೆಗೆ ಹೇಳಿ ಒಪ್ಪಿಸಿ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದಾಳೆ. ಮೊನ್ನೆ ಬೇಲಿ ಪಕ್ಕ ಹೋದ ಚಿಕ್ಕಲಕ್ಷ್ಮಮ್ಮ "ಅಯ್ಯಯ್ಯಪ್ಪಾ" ಎಂದು ಕೂಗಿಕೊಂಡಳು. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತ್ತು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

ಶೃತಿ ಪಿನ್ನಿನಿಂದ ಮುಳ್ಳು ತೆಗೆಯುತ್ತಾ ಕೇಳಿದಳು: "ನಂಗ್ಯಾವಾಗಕ್ಕ ಹಿಂಗೆ ನೋಯೋದು?"

"ಬತ್ತದೆ ಕಣಮ್ಮ," ಎಂದು ಅವಳು ಶೃತಿಯ ಪಾದವನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಹರಳೆಣ್ಣೆ ಹಚ್ಚಿ ತಿಕ್ಕತೊಡಗಿದಳು.