ಮಗ್ಗದ ಸದ್ದಿನ ಕ್ಯಾಸೆಟ್ಟು

ಇಚಲಕರಂಜಿಯ ಕಾಲೇಜಿನಲ್ಲಿ ಕಲಿಸುತ್ತಿದ್ದಾಗ, ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ಕಣ್ಣು ಕಾಣದ ವಿದ್ಯಾರ್ಥಿ ಪರಶುರಾಮನ ಕೈಗೂ ಕೊಟ್ಟೆ. ಗ್ರಂಥಪಾಲಕಿ ಸುಮನಬಾಯಿ ಗದರಿದರು: “ಅಂವಾ ಪಟ್ಟಿ ತಗೊಂಡು ಏನ್ ಮಾಡ್ತಾನ್ರಿ? ಕಿವಿಗಿ ಕೊಡ್ರಿ.”

ಮುಖ್ಯ ಅಧ್ಯಾಯಗಳನ್ನು ಅವರೇ ಗುರುತು ಮಾಡಿಕೊಟ್ಟರು. ನಾನು ಮನೆಯಲ್ಲಿ ಕೂತು ಓದಿ ಕ್ಯಾಸೆಟ್ಟು ಮಾಡಿಕೊಟ್ಟೆ. ಪಕ್ಕದ ಶೆಡ್ಡಿನ ಮಗ್ಗಗಳ ಖಟಖಟವೂ ಅದರಲ್ಲಿ ಸೇರಿತ್ತು. ಅದು ನನಗೇ ಸರಿಬರದೆ, ಮಗ್ಗಗಳಿಗೆ ರಜೆಯಿದ್ದ ದಿನ ಮತ್ತೆ ಎಲ್ಲ ಓದಿ, ಹಳೆಯದನ್ನು ವಾಪಸ್ ಪಡೆದು ಹೊಸದನ್ನು ಕೊಟ್ಟೆ.

ಪರೀಕ್ಷೆ ಹತ್ತಿರ ಬಂದಾಗ ಪರಶುರಾಮ ಗ್ರಂಥಾಲಯಕ್ಕೆ ಬಂದ. “ಸರ್, ಹಳೇದ ಕೊಡ್ರಿ. ಮಗ್ಗದ ಸಪ್ಪಳದಾಗ ಬೆಳದಂವ ನಾ, ಅದಿದ್ರ ಎಚ್ಚರ ಇರ್ತೇನ್ರಿ. ಇದರಾಗ ಬರೇ ನಿಮ್ಮ ದನಿ ಐತಿ. ಭಾಳ ನಿದ್ದಿ ಬರ್ತೈತ್ರಿ.”

ಸುಮನಬಾಯಿ ಕಪಾಟಿನತ್ತ ತಿರುಗಿ ನಕ್ಕರು. ನನಗೇನೂ ಆಶ್ಚರ್ಯವಾಗಲಿಲ್ಲ. ಕಣ್ಣಿದ್ದ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ದಿನಾ ಆ ಕಣ್ಣು ಮುಚ್ಚಿಕೊಂಡೇ ಇದನ್ನು ತಿಳಿಸುತ್ತಿದ್ದರು.