ಮೊನೆಯಿಲ್ಲದ ಚೂರಿ

ಸಂತೆಬಾಚಹಳ್ಳಿಯಲ್ಲಿ ನನ್ನದೊಂದು ಕುಲುಮೆ. ಮಚ್ಚು ಕೇಳಿಕೊಂಡು ಬರಲಿ, ಕುಡುಗೋಲು ಕೇಳಿಕೊಂಡು ಬರಲಿ, ನಾನು ಮೊದಲು ಕೇಳುವುದು ಒಂದೇ ಮಾತು: ಏನು ಕುಯ್ಯೋದಕ್ಕೆ? ಕಬ್ಬಿಗೆ ಬೇರೆ ಬಾಗು, ರಾಗಿಗೆ ಬೇರೆ ಬಾಗು. ಅದು ಗೊತ್ತಾದರೆ ಉಳಿದದ್ದನ್ನು ಕೈಯೇ ಮಾಡಿಕೊಂಡು ಹೋಗುತ್ತದೆ. ಹೀಗೆ ನೆಮ್ಮದಿಯಾಗಿದ್ದವನ ತಲೆ ಕೆಡಿಸಿದವನು ನನ್ನ ಬಾಮೈದ.

ಅವನು ಅಗ್ನಿಶಾಮಕ ದಳದಲ್ಲಿದ್ದಾನೆ. ಹೋದ ವರ್ಷ ಪಾಂಡವಪುರದ ಕಡೆ ಕಾರೊಂದು ನಾಲೆಗೆ ಬಿದ್ದಾಗ ನೀರಿಗಿಳಿದವನು ಇವನೇ. ಒಳಗಿದ್ದವರು ಸೀಟ್ ಬೆಲ್ಟಿಗೆ ಸಿಕ್ಕಿಕೊಂಡಿದ್ದರು. ಇವನ ಜೇಬಿನಲ್ಲಿದ್ದ ಮಡಚುವ ಚಾಕು ಒದ್ದೆ ಕೈಗೆ ಬಿಚ್ಚಿಕೊಳ್ಳಲಿಲ್ಲ. ಇಷ್ಟನ್ನು ನನ್ನ ಹೆಂಡತಿಗೆ, ಅಂದರೆ ತನ್ನ ಅಕ್ಕನಿಗೆ ಹೇಳಿದವನು, ಯಾರು ಸತ್ತರು ಎಂಬುದನ್ನು ಮಾತ್ರ ಹೇಳಲಿಲ್ಲ. ಆಮೇಲೆ ರಜೆ ಹಾಕಿ ಬಂದು ನಮ್ಮ ಮನೆಯಲ್ಲೇ ಕೂತ.

"ಮಡಚದೆ ಇರೋ ಚೂರಿ ಒಂದು ಮಾಡ್ಕೊಡಿ ಭಾವ. ದಿನಾ ಸೊಂಟದಲ್ಲೇ ಇರ್ಬೇಕು. ಅದು ಆಗೋಗಂಟ ನಾನು ಡ್ಯೂಟಿಗೆ ಓಗಕಿಲ್ಲ," ಎಂದ.

ಹೆಂಡತಿ ನನ್ನನ್ನು ಒಳಗೆ ಕರೆದು, "ಅವ್ನ ಕೆಲ್ಸ ಉಳಿಯೋದು ನಿಮ್ ಕೈಲೈತೆ. ಬಿರ್ರನೆ ಮಾಡ್ಕೊಟ್ಬುಡಿ," ಎಂದಳು. ಒಂದು ಚೂರಿ ತಾನೇ, ಏನು ಮಹಾ ಎಂದುಕೊಂಡೆ.

ಮಾಮೂಲಿನಂತೆ ಕೇಳಿದೆ, "ಏನು ಕುಯ್ಯಕ್ಲಾ?"

"ಎಲ್ಲಾದ್ಕೂ."

"ಎಲ್ಲಾದ್ಕೂ ಅಂದ್ರೆ ನಾನೇನ್ಲಾ ಬಡೀಲಿ?"

ಅವನು ಕೆಂಡ ನೋಡುತ್ತಾ ಕೂತಿದ್ದ.

ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯೊಂದನ್ನು ಕಾಯಿಸಿ ಬಡಿದು, ಗೇಣುದ್ದದ ಚೂರಿ ಮಾಡಿದೆ. ಚೆನ್ನಾಗಿಯೇ ಬಂತು. ಅವನು ಮೊನೆಯ ಮೇಲೆ ಬೆರಳಿಟ್ಟು, "ಇದು ಬ್ಯಾಡ, ಮೊಂಡು ಮಾಡಿ," ಎಂದ. ಮೊನೆಯಿಲ್ಲದ ಚೂರಿ ಬೇಕೆಂದು ನಮ್ಮಪ್ಪನ ಕಾಲದಿಂದಲೂ ಯಾರೂ ಕೇಳಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ತುದಿ ಕತ್ತರಿಸಿ ದುಂಡಗೆ ಮಾಡಿದೆ. ಆಮೇಲೆ, ಮೊನೆ ಇರಬೇಕಿತ್ತು ಎಂದ, ಗಾಜು ಒಡೆಯಬೇಕಾಗುತ್ತದಂತೆ. ಇನ್ನೊಂದು ಮಾಡಿದೆ. ಅದನ್ನು ನೋಡಿ ಮತ್ತೆ ಮೊಂಡು ತುದಿಯೇ ವಾಸಿ ಎಂದ. ಹಿಡಿ ದಪ್ಪವಾಯಿತು ಎಂದ, ತೆಳುವಾಯಿತು ಎಂದ. ಬಕೆಟ್ಟಿನಲ್ಲಿ ಕೈ ಅದ್ದಿ ಹಿಡಿದು ನೋಡಿ, ಜಾರುತ್ತದೆ ಎಂದ. ಹಿಡಿಗೆ ಗೀರು ಹಾಕಿ, ಬೆರಳು ತೂರುವಂತೆ ಬಳೆಯೊಂದನ್ನು ಬೆಸೆದುಕೊಟ್ಟೆ. ಬೆರಳು ಸಿಕ್ಕಿಕೊಳ್ಳುತ್ತದೆ ಎಂದು ಅದನ್ನೂ ತೆಗೆಸಿದ.

ನನಗೆ ತಲೆಬುಡ ತಿಳಿಯಲಿಲ್ಲ. ಬೈಯೋಣವೆಂದರೆ ಅವನ ಮುಖ ನೋಡಿ ಬಾಯಿ ಬರುತ್ತಿರಲಿಲ್ಲ. ತಪ್ಪು ಚೂರಿಯಲ್ಲಿದೆಯೋ, ನನ್ನ ಕೆಲಸದಲ್ಲಿದೆಯೋ, ಅವನಲ್ಲಿದೆಯೋ? ಹೆಂಡತಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ಅಷ್ಟರಲ್ಲಿ ಅವನ ಅಗ್ನಿಶಾಮಕ ಠಾಣೆಯಿಂದ ಫೋನಿನ ಮೇಲೆ ಫೋನು ಬರತೊಡಗಿತು. ಅವನು ಎತ್ತುತ್ತಿರಲಿಲ್ಲ.

ಕೊನೆಗೆ ರೇಗಿ ಕೆ.ಆರ್. ಪೇಟೆಯ ಗುಜರಿ ಅಂಗಡಿಗೆ ಹೋಗಿ ಹಳೆ ಸೀಟ್ ಬೆಲ್ಟುಗಳನ್ನು ತಂದೆ. ಅವನ ಕಣ್ಣೆದುರಿಗೇ ಆ ಮೊಂಡು ಚೂರಿಯಿಂದ ಒಂದನ್ನು ಕುಯ್ದು ತೋರಿಸಿದೆ. ಒಂದೇ ಎಳೆತಕ್ಕೆ ತುಂಡಾಯಿತು.

"ನೋಡ್ಕಳ್ಳಾ. ಇನ್ನೇನು ಬೇಕು ನಿಂಗೆ?"

"ನೀರಲ್ಲಿ ನೋಡ್ಬೇಕು ಭಾವ. ಬೆಲ್ಟಿನ ಕೆಳ್ಗೆ ಮನ್ಸ ಇದ್ರೆ ಅದೇ ಬ್ಯಾರೆ."

ಅವನ ಬೈಕಿನಲ್ಲಿ ಅಕ್ಕಿಹೆಬ್ಬಾಳಿಗೆ ಹೋದೆವು. ಹೇಮಾವತಿಯಲ್ಲಿ ದಡದ ಹತ್ತಿರ ಎದೆಮಟ್ಟ ನೀರಿತ್ತು. ಮನುಷ್ಯ ಬೇಕಲ್ಲ, ಆ ಮನುಷ್ಯ ನಾನೇ ಆದೆ. ಬೆಲ್ಟನ್ನು ನನ್ನ ಹೆಗಲಿನಿಂದ ಸೊಂಟಕ್ಕೆ ಬಿಗಿದು, ದಡದ ಮರದ ಬೇರಿಗೆ ಕಟ್ಟಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಮ್ಮ ಆಟ ನೋಡಿ ನಗುತ್ತಿದ್ದರು. ಮೊಮ್ಮಕ್ಕಳನ್ನು ಕಂಡ ವಯಸ್ಸಿನ ನನಗೆ ನಾಚಿಕೆಯಾಗಿ ಯಾವಾಗ ಮುಗಿದೀತೋ ಎನಿಸಿತು.

"ಮುಳುಗಿ ಭಾವ," ಎಂದ.

ಮೂಗು ಹಿಡಿದು ಮುಳುಗಿದೆ. ಅವನ ಬೆರಳುಗಳು ನನ್ನ ಎದೆಯ ಮೇಲೆ ಬೆಲ್ಟನ್ನು ತಡಕಿದವು. ಮೊಂಡು ತುದಿ ಪಕ್ಕೆಯ ಮೇಲೆ ತಣ್ಣಗೆ ಜಾರಿ ಬೆಲ್ಟಿನಡಿಗೆ ನುಗ್ಗಿತು. ಮೊನೆ ಇದ್ದಿದ್ದರೆ ಚುಚ್ಚಿಯೇ ಬಿಡುತ್ತಿತ್ತು. ಮರುಗಳಿಗೆ ಬೆಲ್ಟು ಸಡಿಲವಾಯಿತು. ಚೂರಿಯಲ್ಲಿ ಯಾವ ದೋಷವೂ ಇರಲಿಲ್ಲ.

ಎದ್ದು ನಿಂತು ಅದನ್ನೇ ಹೇಳಬೇಕೆಂದಿದ್ದೆ. ಅವನು ಬಿಡಲಿಲ್ಲ. ಚೂರಿಯನ್ನು ನೀರಿನಲ್ಲೇ ಕೈಬಿಟ್ಟು, ನನ್ನ ಕಂಕುಳಿಗೆ ಕೈ ಹಾಕಿ ದರದರ ಎಳೆದುಕೊಂಡು ಹೋದ. ಮರಳಿನ ಮೇಲೆ ಅಂಗಾತ ಮಲಗಿಸಿ ಕೆನ್ನೆ ತಟ್ಟತೊಡಗಿದ.

"ಉಸ್ರಾಡವ್ವ. ಕಣ್ ಬುಡವ್ವ. ಬೆಲ್ಟ್ ಬಿಚ್ಕತು ಕಣವ್ವ, ಉಸ್ರಾಡು."

ನಾನು ನರೆತ ಮೀಸೆಯ ಗಂಡಸು. ಕಣ್ಣು ಬಿಟ್ಟುಕೊಂಡೇ ಇದ್ದೆ. ಅವನ ಕಣ್ಣಿಗೆ ಬಿದ್ದಿದ್ದು ನಾನಲ್ಲ, ನಾಲೆಗೆ ಬಿದ್ದ ಕಾರಿನ ಯಾವುದೋ ಹೆಣ್ಣುಮಗಳು. ಹೆಂಗಸರು ನಗು ನಿಲ್ಲಿಸಿ ಎದ್ದು ನಿಂತಿದ್ದರು. ನಾನು ಕಣ್ಲಾ, ನಿಮ್ ಭಾವ ಎಂದು ಹೇಳಲೋ, ಸುಮ್ಮನಿರಲೋ? ಅವನಿಗೆ ಕೇಳಿಸಲೆಂದು ಬಾಯಿ ತೆರೆದು ಜೋರಾಗಿ ಉಸಿರಾಡಿದೆ.